ಕೃಷ್ಣೆಯ ಹಿನ್ನೀರಿನಲ್ಲಿ ಹಾಯಿ ಕಲಿಯುವವರಿಗೆ: ಗಾಳಿ, ಮೋಡ, ಚುಕ್ಕಿ ಓದುವ ಅಭ್ಯಾಸ

ಬೀಳಗಿ ಮೇಲೆ ವಿಜಯಪುರಕ್ಕೆ ಹೋಗುವ ಬಸ್ಸು ಕೊರ್ತಿ-ಕೊಲ್ಹಾರ ಸೇತುವೆ ಹತ್ತಿದ ಕೂಡಲೇ ಎರಡೂ ಕಡೆ ನೀರೇ ನೀರು. ಕಿಟಕಿ ಪಕ್ಕ ಕೂತವರೆಲ್ಲ ಒಮ್ಮೆ ಆ ಕಡೆ ತಿರುಗಿ ನೋಡುತ್ತಾರೆ. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಈ ನೀರಿನಡಿ ಹೋದವು, ನವನಗರ ಎದ್ದಿತು. ಆ ನೋವು ಇನ್ನೂ ಆರಿಲ್ಲ. ಆದರೆ ಈಗ ನೀರು ಇದೆ, ಗಾಳಿ ಇದೆ, ಬಯಲು ಸೀಮೆಯ ದೊಡ್ಡ ಆಕಾಶ ಇದೆ. ಹಾಯಿದೋಣಿ ನಡೆಸುವವರ ಹಳೆಯ ವಿದ್ಯೆ ಕಲಿಯಲು ಇಷ್ಟು ಸಾಕು.

ಸಮುದ್ರ ಇಲ್ಲದ ಊರಲ್ಲಿ ಇದನ್ನು ಯಾಕೆ ಕಲಿಯಬೇಕು ಅಂತ ಕೇಳಬಹುದು. ಕಲಿಯಲು ಹಿನ್ನೀರೇ ಸುಲಭ. ಇಲ್ಲಿ ಉಬ್ಬರವಿಳಿತ ಇಲ್ಲ, ಕಡಲಿನ ದೊಡ್ಡ ಅಲೆ ಇಲ್ಲ, ದಂಡೆ ಕಣ್ಣಿಗೆ ಕಾಣುತ್ತಿರುತ್ತದೆ. ತಪ್ಪು ಲೆಕ್ಕ ಹಾಕಿದರೆ ಬೇರೆ ಊರಿನ ದಂಡೆಗೆ ಹೋಗಿ ಮುಟ್ಟುತ್ತೀರಿ, ಅಷ್ಟೇ. ಹಿಡಕಲ್ ಅಥವಾ ನವಿಲುತೀರ್ಥದ ಹಿನ್ನೀರಿನ ಹತ್ತಿರ ಇರುವ ಬೆಳಗಾವಿ ಜಿಲ್ಲೆಯವರಿಗೂ ಇಲ್ಲಿ ಹೇಳುವ ಬಹುತೇಕ ಮಾತು ಹೊಂದುತ್ತದೆ.

ಮೊದಲೇ ಒಂದು ಮಾತು. ಗಾಳಿ-ಮೋಡದ ಗುರುತುಗಳು ಆಯಾ ನೀರಿಗೆ ಸೇರಿದವು. ಬೇರೆ ದೇಶದ ನಾವಿಕರು ಬರೆದಿಟ್ಟ ಸೂತ್ರವನ್ನು ಇಲ್ಲಿಗೆ ತಂದರೆ ಅರ್ಧ ಕೆಲಸ ಮಾಡುತ್ತದೆ, ಅರ್ಧ ಕೈಕೊಡುತ್ತದೆ. ನಾನು ಮೊದಲ ಎರಡು ವರ್ಷ ಪುಸ್ತಕದ ಸೂತ್ರ ಬಾಯಿಪಾಠ ಮಾಡಿದೆ. ಕಲಿತದ್ದು ಆಮೇಲೆ, ನೋಟ್‌ಬುಕ್ ಇಟ್ಟ ಮೇಲೆ.

ನೋಟ್‌ಬುಕ್ಕಿನಿಂದ ಶುರು ಮಾಡಿ

ದೋಣಿಗೆ ಇನ್ನೂ ಒಂದು ತಿಂಗಳು ಇದೆ. ಮೊದಲು ನೂರು ಪುಟದ ನೋಟ್‌ಬುಕ್ ಒಂದು, ಪೆನ್ಸಿಲ್ ಒಂದು ಕೊಳ್ಳಿ. ದಿನಕ್ಕೆ ಮೂರು ಸಲ, ಮುಂಜಾನೆ 7ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 6ಕ್ಕೆ ಹೊರಗೆ ಬಂದು ಐದು ನಿಮಿಷ ನಿಲ್ಲಿ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಮೋಡ ಎಂಥದ್ದು, ಯಾವ ಕಡೆ ಸಾಗುತ್ತಿದೆ ಎಂದು ಬರೆಯಿರಿ. ಕೆಳಗೆ ಒಂದು ಸಾಲು ಊಹೆ: ಮುಂದಿನ ಆರು ಗಂಟೆಯಲ್ಲಿ ಏನಾಗುತ್ತದೆ?

ಊಹೆ ಬರೆದ ಮೇಲೆಯೇ ಮೊಬೈಲ್‌ನಲ್ಲಿ ಹವಾಮಾನ ನೋಡಿ. ಮೊದಲು ಮೊಬೈಲ್ ನೋಡಿದರೆ ಕಣ್ಣು ಅದನ್ನೇ ಹುಡುಕುತ್ತದೆ. ಆರು ಗಂಟೆ ಕಳೆದ ಮೇಲೆ ಊಹೆಯ ಪಕ್ಕ ಸರಿ ಅಥವಾ ತಪ್ಪು ಗುರುತು ಹಾಕಿ. ತಪ್ಪಾದರೆ ಯಾಕೆ ಅನ್ನುವುದನ್ನು ನಾಲ್ಕು ಶಬ್ದದಲ್ಲಿ ಬರೆಯಿರಿ. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಓದಿದಂತೆ.

ಗಾಳಿಯ ಹೆಸರು, ಗಾಳಿಯ ಬಲ

ಗಾಳಿಗೆ ಅದು ಬರುವ ದಿಕ್ಕಿನ ಹೆಸರು. ಮೂಡಗಾಳಿ ಅಂದರೆ ಮೂಡಣದಿಂದ ಬರುವುದು, ಪಡುಗಾಳಿ ಅಂದರೆ ಪಡುವಣದಿಂದ. ನಮ್ಮ ಹಿರಿಯರ ಈ ಲೆಕ್ಕ, ನಾವಿಕರ ಲೆಕ್ಕ ಎರಡೂ ಒಂದೇ. ದಿಕ್ಕು ತಿಳಿಯಲು ಕಣ್ಣು ಮುಚ್ಚಿ ನಿಂತು ಮುಖವನ್ನು ನಿಧಾನ ತಿರುಗಿಸಿ. ಎರಡೂ ಕಿವಿಗೆ ಗಾಳಿಯ ಸದ್ದು ಒಂದೇ ಸಮ ಕೇಳಿದಾಗ ಮೂಗಿನ ನೇರಕ್ಕೆ ಗಾಳಿ ಇದೆ. ಎರಡು ದಿನ ಮಾಡಿದರೆ ರೂಢಿಯಾಗುತ್ತದೆ. ದೋಣಿಯಲ್ಲಿ ಹಾಯಿಕಂಬಕ್ಕೆ ಉಣ್ಣೆ ದಾರದ ತುಂಡು ಕಟ್ಟಿಕೊಳ್ಳಿ.

ನಮ್ಮ ಕಡೆ ಇನ್ನೊಂದು ದೊಡ್ಡ ಗುರುತು ಇದೆ, ಸಕ್ಕರೆ ಕಾರ್ಖಾನೆಯ ಚಿಮಣಿ. ಕಬ್ಬು ನುರಿಸುವ ಕಾಲದಲ್ಲಿ ಎಷ್ಟೋ ದೂರದಿಂದ ಹೊಗೆ ಕಾಣುತ್ತದೆ. ಚಳಿಗಾಲದ ಮುಂಜಾನೆ ಹೊಗೆ ಸ್ವಲ್ಪ ಮೇಲೆದ್ದು ಆಮೇಲೆ ಹಾಸಿಗೆ ಹಾಸಿದಂತೆ ಅಡ್ಡಲಾಗಿ ಹರಡಿದ್ದರೆ ನೆಲದ ಹತ್ತಿರ ತಣ್ಣನೆ ಗಾಳಿ ಕೂತಿದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದೆ ಎಂದರ್ಥ. ಆಗ ನೀರು ಕನ್ನಡಿಯಂತಿರುತ್ತದೆ, ಹಾಯಿ ಬಿಚ್ಚಿ ಉಪಯೋಗವಿಲ್ಲ. ಬಿಸಿಲೇರಿ ಆ ಹಾಸು ಒಡೆದು ಹೊಗೆ ಚೂರುಚೂರಾಗಿ ಏಳತೊಡಗಿತೆಂದರೆ ಸ್ವಲ್ಪ ಹೊತ್ತಿನಲ್ಲಿ ಗಾಳಿ ಬರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಸರಿಯಾದ ಊಹೆ ಇದೇ.

ಗಾಳಿಯ ಬಲ ಅಳೆಯಲು ನಾವಿಕರು ಬಳಸುವ ಬ್ಯೂಫೋರ್ಟ್ ಮಾಪಕವನ್ನು 1805ರಲ್ಲಿ ರೂಪಿಸಿದರು. ಅದನ್ನು ನಮ್ಮ ಹೊಲಕ್ಕೆ ಇಳಿಸಿಕೊಳ್ಳಿ. ಬೇವಿನ ಎಲೆ, ಸಣ್ಣ ರೆಂಬೆ ಬಿಡದೆ ಅಲುಗುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣುತ್ತದೆ. ಗಾಡಿ ಹಾದಿಯ ಧೂಳು ಏಳುತ್ತಿದೆ, ಹೊಲದಲ್ಲಿ ಕಾಗದ ಹಾರುತ್ತಿದೆ ಅಂದರೆ 20ರಿಂದ 28. ಸಣ್ಣ ಬೇವಿನ ಗಿಡ ಇಡಿಯಾಗಿ ತೂಗತೊಡಗಿದರೆ 29 ದಾಟಿತು. ಕಲಿಯುವವರಿಗೆ ಮೊದಲನೆಯದು ಚೆನ್ನ. ಎರಡನೆಯದು ಕಂಡ ಕೂಡಲೇ ದಂಡೆಗೆ ಬನ್ನಿ. ಮೂರನೆಯದು ಕಂಡ ದಿನ ಇಳಿಯಲೇಬೇಡಿ.

ಇನ್ನು ವರ್ಷದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುಗಾಳಿ, ನೈಋತ್ಯದ ಗಾಳಿ. ಘಟ್ಟ ದಾಟಿ ಬಯಲಿಗೆ ಬಂದ ಈ ಗಾಳಿಗೆ ಅಡ್ಡ ಏನೂ ಇಲ್ಲ, ದಿನಗಟ್ಟಲೆ ಬೀಸುತ್ತದೆ. ಅಕ್ಟೋಬರ್ ಕಳೆದ ಮೇಲೆ ಮೂಡಗಾಳಿ, ಈಶಾನ್ಯದ ಗಾಳಿ. ಅರಬ್ಬಿ ಸಮುದ್ರದ ಹಾಯಿ ಹಡಗುಗಳು ನೂರಾರು ವರ್ಷ ಓಡಾಡಿದ್ದು ಇದೇ ಜೋಡಿ ಗಾಳಿಯ ಮೇಲೆ. ಚಳಿಗಾಲದ ಈಶಾನ್ಯ ಗಾಳಿಗೆ ಹಾಯಿ ಬಿಚ್ಚಿ ಇಲ್ಲಿಂದ ಅರಬಸ್ತಾನ, ಆಫ್ರಿಕಾದ ಕಡೆ ಹೋಗುವುದು, ನೈಋತ್ಯ ಗಾಳಿ ಹಿಡಿದು ಮರಳುವುದು. ಆ ಗಾಳಿಯ ತುಣುಕೇ ನಿಮ್ಮ ಮುಖಕ್ಕೆ ತಾಗುತ್ತಿದೆ. ಅದನ್ನು ನೆನೆದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಲಿಯಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ನೀರು ತುಂಬಿರುತ್ತದೆ, ಗಾಳಿ ಹದವಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ.

ಮಳೆ ನಕ್ಷತ್ರಗಳನ್ನು ಹೇಗೆ ಬಳಸಬೇಕು

ರೋಹಿಣಿ, ಮಿರಗ, ಆರಿದ್ರ, ಪುನರ್ವಸು ಅಂತ ಎಣಿಸುವ ಮಳೆ ನಕ್ಷತ್ರಗಳು ಮನೆಮನೆಯಲ್ಲಿ ಗೊತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಲೆಕ್ಕ ಸೂರ್ಯನದ್ದಾದ್ದರಿಂದ ತಾರೀಖು ಹೆಚ್ಚು ಬದಲಾಗುವುದಿಲ್ಲ. ರೋಹಿಣಿ ಮೇ 25ರ ಹತ್ತಿರ, ಮಿರಗ ಜೂನ್ 7-8ಕ್ಕೆ, ಹಸ್ತ ಸೆಪ್ಟೆಂಬರ್ ಕೊನೆಗೆ. ಹಾಗಾಗಿ ಇದನ್ನು ನಾಳಿನ ಮಳೆ ಹೇಳುವ ಸಾಧನ ಎಂದು ತಿಳಿಯಬೇಡಿ. ಇದು ತಲೆಮಾರುಗಳ ಸರಾಸರಿ. ಈ ಹದಿನೈದು ದಿನದಲ್ಲಿ ಸಾಮಾನ್ಯವಾಗಿ ಗಾಳಿ, ಮಳೆ ಹೇಗಿರುತ್ತದೆ ಅನ್ನುವುದರ ನೆನಪು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅನ್ನುವ ಗಾದೆ ರೈತನದ್ದು. ದೋಣಿಯವರಿಗೆ ಆ ಹದಿನೈದು ದಿನ ದಂಡೆಯ ಮೇಲಿರುವ ಕಾಲ.

ನೋಟ್‌ಬುಕ್ಕಿನಲ್ಲಿ ಪ್ರತಿ ನಕ್ಷತ್ರಕ್ಕೆ ಒಂದು ಪುಟ ಬಿಡಿ. ಆ ದಿನಗಳಲ್ಲಿ ಗಾಳಿ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಬಿತ್ತು ಎಂದು ಬರೆಯಿರಿ. ಮೂರು ವರ್ಷ ಆದ ಮೇಲೆ ಅದು ನಿಮ್ಮ ನೀರಿನ ಪಂಚಾಂಗ ಆಗುತ್ತದೆ. ಊರಿಂದ ಊರಿಗೆ ಇದು ಬೇರೆ. ಖಾನಾಪುರ ಕಡೆ ಜುಲೈ ಮಳೆ ಜೋರು. ಬಾಗಲಕೋಟೆ, ವಿಜಯಪುರ ಮಳೆ ನೆರಳಿನ ಸೀಮೆ, ನಮ್ಮಲ್ಲಿ ಸೆಪ್ಟೆಂಬರ್‌ ಮಳೆಯೇ ಜಾಸ್ತಿ.

ಆಕಾಶ ತಿಳಿಯಾಗಿದ್ದರೂ ಬರುವ ಹೊಳೆ

ಇದು ನಮ್ಮ ಮೂರು ಜಿಲ್ಲೆಯವರು ಬೇರೆಯವರಿಗಿಂತ ಚೆನ್ನಾಗಿ ಬಲ್ಲ ವಿಷಯ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಘಟಪ್ರಭೆ, ಮಲಪ್ರಭೆ ಕೂಡ ಘಟ್ಟದಿಂದಲೇ ಇಳಿದು ಬರುತ್ತವೆ. ಘಟ್ಟದಲ್ಲಿ ವಾರ ಸುರಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ನನಗೆ ಹುಟ್ಟು ಹಾಕಲು ಕಲಿಸಿದ ಅಂಬಿಗರ ಕಾಕಾ ಇದನ್ನು ನಾಲ್ಕೇ ಶಬ್ದದಲ್ಲಿ ಹೇಳುತ್ತಿದ್ದರು: “ಮಳಿ ಅಲ್ಲಿ, ಹೊಳಿ ಇಲ್ಲಿ.” 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ಹೊಳೆ ದಂಡೆಯ ಊರುಗಳು ಕಂಡದ್ದು ಇದನ್ನೇ.

ಅದಕ್ಕೆ ಮಳೆಗಾಲದಲ್ಲಿ ನಿಮ್ಮ ತಲೆ ಮೇಲಿನ ಆಕಾಶದ ಜೊತೆ ಘಟ್ಟದ ಆಕಾಶವನ್ನೂ ವಿಚಾರಿಸಿ. ನೀರಿನ ಬಣ್ಣ ನೋಡಿ. ಹಸಿರು ತಿಳಿ ನೀರಿಗೆ ಕೆಂಪು ಅಥವಾ ಕಂದು ರಾಡಿ ಬೆರೆಯತೊಡಗಿತೇ? ಕಸ-ಕಡ್ಡಿ, ಬುಡಸಹಿತ ಕಿತ್ತ ಗಿಡ ತೇಲಿ ಬರುತ್ತಿದೆಯೇ? ದಂಡೆಯಲ್ಲಿ ಒಂದು ಗೂಟ ನೆಟ್ಟು ನೀರಿನ ಗೆರೆ ಗುರುತು ಮಾಡಿ. ಒಂದು ಗಂಟೆಯಲ್ಲಿ ನಾಲ್ಕು ಬೆರಳು ಏರಿದರೆ ದೋಣಿಯನ್ನು ಎಳೆದು ಎತ್ತರಕ್ಕೆ ಕಟ್ಟಿ. ಅಣೆಕಟ್ಟಿನ ಗೇಟು ತೆರೆದರೆ ಕೆಳಗಿನ ಹೊಳೆಯಲ್ಲಿ ಸೆಳೆತ ಥಟ್ಟನೆ ಹೆಚ್ಚುತ್ತದೆ, ಆ ಕಡೆಯವರು ಇನ್ನೂ ಹುಷಾರಾಗಿರಬೇಕು.

ಏಪ್ರಿಲ್-ಮೇ ತಿಂಗಳ ಗುಡುಗು

ಈ ಭಾಗವನ್ನು ಎರಡು ಸಲ ಓದಿ. ಹಿನ್ನೀರಿನಲ್ಲಿ ಜೀವಕ್ಕೆ ಅಪಾಯ ತರುವ ಹವಾಮಾನ ಇದೇ.

ಬೇಸಿಗೆಯ ಬೆಳಗು ಶಾಂತ. ಹನ್ನೊಂದರ ಹೊತ್ತಿಗೆ ಹತ್ತಿಯ ಅಂಡಿಗೆಯಂತೆ ಬಿಳಿ ಮೋಡ ಏಳುತ್ತವೆ. ಅವು ಅಗಲಕ್ಕಿಂತ ಎತ್ತರ ಕಡಿಮೆ ಇದ್ದರೆ ಚಿಂತೆ ಇಲ್ಲ. ಅಗಲ ಮೀರಿ ಎತ್ತರಕ್ಕೆ ಬೆಳೆಯತೊಡಗಿದರೆ ಕಣ್ಣಿಡಿ. ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಮೋಡದ ತಲೆ ಹೂಕೋಸಿನಂಥ ಸ್ಪಷ್ಟ ಅಂಚು ಕಳೆದುಕೊಂಡು, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಒಂದು ಕಡೆ ಚಾಚಿಕೊಂಡರೆ ಅದು ಗುಡುಗಿನ ಮೋಡ. ಚಾಚಿದ ಕಡೆಗೆ ಅದು ಸಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದನ್ನು ನಂಬಿ ಕೂರಬಾರದು. ಎರಡು ದಂಡೆ ಗುರುತಿನ ನಡುವೆ ಮೋಡದ ಬುಡ ಹತ್ತು ನಿಮಿಷದಲ್ಲಿ ಎತ್ತ ಸರಿಯಿತು ಎಂದು ನೋಡುವುದೇ ಗಟ್ಟಿ.

ಮಳೆಗಿಂತ ಮೊದಲು ಗಾಳಿ ಬರುತ್ತದೆ. ಮೋಡದಿಂದ ಕೆಳಗೆ ಬಿದ್ದ ತಣ್ಣನೆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ನನಗೆ ಇದು ಗೊತ್ತಾದದ್ದು ಒಂದು ಏಪ್ರಿಲ್ ಸಂಜೆ. ತಾಡಪತ್ರಿಯ ಹಾಯಿ ಕಟ್ಟಿದ ಚಪ್ಪಟೆ ದೋಣಿಯಲ್ಲಿ ನಡುನೀರಿನಲ್ಲಿದ್ದೆ. ಮೋಡ ದೂರ ಇದೆ, ಇನ್ನೂ ಅರ್ಧ ಗಂಟೆ ಸಿಗುತ್ತದೆ ಅಂತ ಮೇಲೆಯೇ ನೋಡುತ್ತಿದ್ದೆ. ಜೊತೆಗಿದ್ದ ಕಾಕಾ ತೋಳು ಹಿಡಿದು ಅಲುಗಾಡಿಸಿದರು. “ತಮ್ಮಾ, ಮ್ಯಾಲ ಏನ್ ನೋಡ್ತಿ? ಆ ದಂಡಿ ನೋಡು.” ಆಚೆ ದಂಡೆಯ ಮೇಲೆ ಕೆಂಪು ಧೂಳಿನ ಗೋಡೆ ಎದ್ದಿತ್ತು. ಅದರ ಕೆಳಗೆ ನೀರು ಕಪ್ಪಾಗಿ ನಮ್ಮ ಕಡೆ ಓಡಿ ಬರುತ್ತಿತ್ತು. ಹಾಯಿ ಇಳಿಸಲು ಸಿಕ್ಕಿದ್ದು ಎರಡು ನಿಮಿಷವೂ ಇಲ್ಲ. ಹಗ್ಗದ ಗಂಟು ನಾನು ತಪ್ಪಾಗಿ ಹಾಕಿದ್ದೆ, ಬಿಚ್ಚಲಿಲ್ಲ. ಕಾಕಾ ಕುಡಗೋಲಿನಿಂದ ಹಗ್ಗ ಕೊಯ್ದು ಹಾಯಿ ಕೆಡವಿದರು. ಅವರು ಇರದಿದ್ದರೆ ದೋಣಿ ಮಗುಚುತ್ತಿತ್ತು.

ಅಂದಿನಿಂದ ನನ್ನ ಪಾಲಿನ ಕ್ರಮ ಇದು. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ 12ರ ಒಳಗೆ ದಂಡೆ ಸೇರುವುದು. ಎಳೆದರೆ ಬಿಚ್ಚುವ ಗಂಟು ಮಾತ್ರ ಹಾಕುವುದು. ದೋಣಿಯಲ್ಲಿ ಚೂರಿ ಇಡುವುದು. ಬಿಸಿ ಗಾಳಿ ಥಟ್ಟನೆ ನಿಂತು ತಣ್ಣನೆ ಗಾಳಿ ಬೇರೆ ದಿಕ್ಕಿನಿಂದ ಮುಖಕ್ಕೆ ಹೊಡೆದರೆ ಯೋಚನೆ ಮಾಡದೆ ಹಾಯಿ ಇಳಿಸುವುದು.

ಸಿಡಿಲಿನ ದೂರ ಎಣಿಸುವುದು ಸುಲಭ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ. ಬಂದದ್ದು ಕಿಲೋಮೀಟರ್. 30 ಸೆಕೆಂಡ್ ಅಂದರೆ 10 ಕಿಲೋಮೀಟರ್. ಅದಕ್ಕಿಂತ ಕಡಿಮೆಯಾದರೆ ನೀರಿನಲ್ಲಿ ಇರಬಾರದು. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ನಿಮ್ಮ ಹಾಯಿಕಂಬವೇ. ದಂಡೆಗೆ ಬಂದು ಒಂಟಿ ಮರದ ಕೆಳಗೂ ನಿಲ್ಲಬೇಡಿ, ಪಕ್ಕಾ ಮನೆಯೊಳಗೆ ಹೋಗಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮೊಬೈಲ್‌ನಲ್ಲಿರಲಿ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ನಿಮ್ಮ ಊಹೆ ಏನೇ ಹೇಳಿದರೂ ಇಳಿಯಬೇಡಿ.

ಇಲ್ಲಿ ನಡೆಯದ ಸೂತ್ರಗಳು, ನಡೆಯುವ ಸೂತ್ರಗಳು

ಸಂಜೆ ಆಕಾಶ ಕೆಂಪಾದರೆ ನಾಳೆ ಒಳ್ಳೆಯ ಹವೆ, ಬೆಳಗ್ಗೆ ಕೆಂಪಾದರೆ ಕೆಟ್ಟ ಹವೆ ಅಂತ ಯುರೋಪಿನ ನಾವಿಕರ ಮಾತೊಂದಿದೆ. ಅಲ್ಲಿ ಹವೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ, ಅದಕ್ಕೆ ಅದು ಸರಿ. ನಮ್ಮಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಪೂರ್ವದಿಂದ ಪಶ್ಚಿಮಕ್ಕೆ ಬರುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಈ ಸೂತ್ರ ನಂಬಿದರೆ ತಿರುವುಮುರುವು. ಬೇಸಿಗೆಯಲ್ಲಂತೂ ಧೂಳಿನಿಂದ ದಿನಾ ಸಂಜೆ ಕೆಂಪೇ.

ಚಂದ್ರನ ಸುತ್ತ ದೊಡ್ಡ ಬಳೆಯಂಥ ಬೆಳಕು ಕಂಡರೆ ಮೇಲೆ ತೆಳು ಹಿಮಕಣದ ಮೋಡ ಇದೆ ಎಂದರ್ಥ. ಮಳೆ ಬರಬಹುದು, ಬರದಿರಬಹುದು. ನಾನು ಅದನ್ನು ಬರೆದಿಟ್ಟುಕೊಳ್ಳುತ್ತೇನೆ, ನಂಬುವುದಿಲ್ಲ. ಇರುವೆ ಮೊಟ್ಟೆ ಹೊತ್ತು ಮೇಲೇರುವುದು, ಏರೋಪ್ಲೇನ್ ಚಿಟ್ಟೆ ತಗ್ಗಿನಲ್ಲಿ ಹಾರುವುದು ಕೂಡ ಹಾಗೇ. ಇವು ಗಾಳಿಯಲ್ಲಿ ತೇವ ಹೆಚ್ಚಿದ್ದನ್ನು ಹೇಳಬಲ್ಲವು. ಎಷ್ಟು ಹೊತ್ತಿಗೆ, ಎಷ್ಟು ಜೋರು ಅನ್ನುವುದು ಅವುಗಳಿಗೂ ಗೊತ್ತಿಲ್ಲ.

ಗಟ್ಟಿಯಾಗಿ ನಡೆಯುವುದು ವಾಯುಭಾರ. ಈಗ ಎಷ್ಟೋ ಮೊಬೈಲ್‌ಗಳಲ್ಲಿ ವಾಯುಭಾರ ಮಾಪಕ ಇದೆ. ನಮ್ಮಂಥ ಬಿಸಿ ನಾಡಿನಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ 10, ರಾತ್ರಿ 10ಕ್ಕೆ ಏರು, ಸಂಜೆ 4, ಬೆಳಗಿನ ಜಾವ 4ಕ್ಕೆ ಇಳಿತ. ಇದು ದಿನದ ಉಸಿರಾಟ. ಸಂಜೆ ಇಳಿದದ್ದು ನೋಡಿ ಗಾಬರಿಯಾಗಬೇಡಿ. ನಿನ್ನೆ ಇದೇ ಹೊತ್ತಿನ ಅಂಕಿಯ ಜೊತೆ ಹೋಲಿಸಿ. ನಿನ್ನೆಗಿಂತ 3 ಮಿಲಿಬಾರ್ ಕಡಿಮೆ ಇದ್ದರೆ ಎಚ್ಚರ. ಉಷ್ಣವಲಯದ ಕಡಲಿನಲ್ಲಿ 5 ಮಿಲಿಬಾರ್ ಇಳಿತ ಅಂದರೆ ಚಂಡಮಾರುತ ಹತ್ತಿರ ಇರಬಹುದು ಎಂದು ನಾವಿಕರು ಬಂದರಿಗೆ ತಿರುಗುತ್ತಿದ್ದರು.

ಹಗಲಿನ ದಿಕ್ಕು

ಪುಸ್ತಕದಲ್ಲಿ ನಟ್ಟನಡು ಮಧ್ಯಾಹ್ನ ನೆರಳು ಉತ್ತರಕ್ಕೆ ಬೀಳುತ್ತದೆ ಎಂದಿರುತ್ತದೆ. ಬಾಗಲಕೋಟೆ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ಮೊದಲ ವಾರದಲ್ಲಿ ಸೂರ್ಯ ನೆತ್ತಿ ಮೇಲೆ ಬರುತ್ತಾನೆ, ಆಮೇಲೆ ಉತ್ತರಕ್ಕೆ ದಾಟುತ್ತಾನೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಮರಳುತ್ತಾನೆ. ನಡುವಿನ ಮೂರು ತಿಂಗಳು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ! ಇದು ತಿಳಿಯದೆ ಜೂನ್‌ನಲ್ಲಿ ನೆರಳು ನಂಬಿದವರು ಸರಿಯಾಗಿ ಉಲ್ಟಾ ಹೋಗುತ್ತಾರೆ. ಗಡಿಯಾರದ ಮುಳ್ಳಿನಿಂದ ದಿಕ್ಕು ಹುಡುಕುವ ವಿಧಾನವೂ ಆಗ ಕೆಡುತ್ತದೆ.

ಅದಕ್ಕೆ ಕೋಲಿನ ವಿಧಾನ ಬಳಸಿ. ಸಮ ನೆಲದಲ್ಲಿ ಒಂದು ಮೀಟರ್ ಕೋಲು ನೇರ ನೆಡಿ. ನೆರಳಿನ ತುದಿಗೆ ಹರಳು ಇಡಿ. ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಹರಳು. ಮೊದಲ ಹರಳು ಪಶ್ಚಿಮ, ಎರಡನೆಯದು ಪೂರ್ವ. ಮಧ್ಯಾಹ್ನದ ಆಸುಪಾಸು ಮಾಡಿದರೆ ಚೆನ್ನಾಗಿ ಬರುತ್ತದೆ. ನಮ್ಮ ನಿಜವಾದ ನಡು ಮಧ್ಯಾಹ್ನ ಗಡಿಯಾರದ 12ಕ್ಕೆ ಅಲ್ಲ. ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕೆ. ಬಾಗಲಕೋಟೆಯಲ್ಲಿ ಕಾಲಕ್ಕೆ ತಕ್ಕಂತೆ 12:10ರಿಂದ 12:40ರ ನಡುವೆ ಅದು ಬರುತ್ತದೆ.

ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸು ಮಾತ್ರ. ಜೂನ್ ಕೊನೆಗೆ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ನಿಮ್ಮ ಮಾಳಿಗೆಯಿಂದ ಯಾವ ತಿಂಗಳು ಯಾವ ಗಿಡದ ಮೇಲೆ, ಯಾವ ಟ್ಯಾಂಕ್ ಪಕ್ಕ ಹುಟ್ಟಿದ ಎಂದು ಚಿತ್ರ ಬರೆದಿಡಿ.

ಇರುಳಿನ ದಿಕ್ಕು

ಚುಕ್ಕಿಗಳನ್ನು ದಂಡೆಯ ಮೇಲೆ ನಿಂತೇ ಕಲಿಯಿರಿ. ಕತ್ತಲಲ್ಲಿ ದೋಣಿ ಬೇಡ. ಮೀನು ಬಲೆ, ಮುಳುಗಿದ ಮರದ ಬೊಡ್ಡೆ, ಹಳೆ ಊರಿನ ಗೋಡೆ ಯಾವುದೂ ಕಾಣುವುದಿಲ್ಲ.

ಫೆಬ್ರವರಿಯಿಂದ ಜೂನ್‌ವರೆಗೆ ಸಂಜೆ ಸಪ್ತರ್ಷಿ ಮಂಡಲ ಕಾಣುತ್ತದೆ. ಅದರ ಮುಂದಿನ ಎರಡು ಚುಕ್ಕಿ ಪುಲಹ ಮತ್ತು ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು ಅದೇ ನೇರಕ್ಕೆ ಐದು ಪಟ್ಟು ಮುಂದೆ ಹೋದರೆ ಧ್ರುವ. ಮದುವೆಯಲ್ಲಿ ತೋರಿಸುವ ಅರುಂಧತಿ-ವಸಿಷ್ಠ ಇರುವುದೂ ಇದೇ ಮಂಡಲದಲ್ಲಿ. ಉತ್ತರದ ದೇಶಗಳಲ್ಲಿ ಸಪ್ತರ್ಷಿ ಮುಳುಗುವುದೇ ಇಲ್ಲ. ನಮ್ಮಲ್ಲಿ ಮುಳುಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಸಂಜೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಗ ಧ್ರುವದ ಇನ್ನೊಂದು ಮಗ್ಗುಲಿಗೆ ಇಂಗ್ಲಿಷಿನ ಎಂ ಅಕ್ಷರದಂತೆ ಇರುವ ಐದು ಚುಕ್ಕಿಯ ಕ್ಯಾಸಿಯೋಪಿಯಾ ಹಿಡಿಯಿರಿ.

ಪೂರ್ವ-ಪಶ್ಚಿಮಕ್ಕೆ ಮೃಗಶಿರದ ಪಕ್ಕದ ಬೇಟೆಗಾರ (ಓರಿಯನ್) ಎಂಬ ಚುಕ್ಕಿಗುಂಪಿನ ನಡುಪಟ್ಟಿ, ಸಾಲಾಗಿರುವ ಮೂರು ಚುಕ್ಕಿ. ಅವು ಹುಟ್ಟುವುದು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ, ಮುಳುಗುವುದು ನೇರ ಪಶ್ಚಿಮದಲ್ಲಿ. ನವೆಂಬರ್ ಮೊದಲ ವಾರ ರಾತ್ರಿ 9ರ ಹೊತ್ತಿಗೆ ಹುಟ್ಟುವುದನ್ನು ನೋಡಬಹುದು. ದಕ್ಷಿಣಕ್ಕೆ ಫೆಬ್ರವರಿಯಲ್ಲಿ ರಾತ್ರಿ 9ರ ಸುಮಾರಿಗೆ ಅಗಸ್ತ್ಯ, ಮೇ ಕೊನೆಗೆ ಅದೇ ಹೊತ್ತಿಗೆ ತ್ರಿಶಂಕು. ಚಿಕ್ಕ ಶಿಲುಬೆಯಂಥ ಈ ತ್ರಿಶಂಕು ನಮ್ಮ ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿರುತ್ತದೆ. ಯುರೋಪಿನವರಿಗೆ ಊರಿನಿಂದ ಕಾಣದ ಚುಕ್ಕಿ ನಮಗೆ ಮಾಳಿಗೆಯಿಂದ ಕಾಣುತ್ತದೆ, ಅಲ್ವಾ?

ಮುಷ್ಟಿ ಅಂದೆನಲ್ಲ, ಅದು ಅಳತೆ. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಒಂದು ಬೆರಳು ಸುಮಾರು 2 ಡಿಗ್ರಿ. ಧ್ರುವ ಚುಕ್ಕಿ ದಿಗಂತದಿಂದ ಎಷ್ಟು ಡಿಗ್ರಿ ಎತ್ತರವೋ ಅಷ್ಟೇ ನಿಮ್ಮ ಅಕ್ಷಾಂಶ. ನಮ್ಮಲ್ಲಿ ಒಂದು ಮುಷ್ಟಿ, ಮೂರು ಬೆರಳು.

ಅರಬ್ಬಿ ಸಮುದ್ರದ ನಾವಿಕರು ಇದನ್ನು ‘ಕಮಾಲ್’ ಎಂಬ ಸಾಧನದಿಂದ ಅಳೆಯುತ್ತಿದ್ದರು. ಒಂದು ಮರದ ಹಲಗೆ, ನಡುವೆ ತೂತು, ಅದರಿಂದ ಗಂಟು ಹಾಕಿದ ದಾರ. ಅವರ ಅಳತೆಯ ಹೆಸರು ಇಸ್ಬಾ, ಅಂದರೆ ಬೆರಳು. ಒಂದು ಇಸ್ಬಾ ಸುಮಾರು 1.6 ಡಿಗ್ರಿ. ನೀವೂ ಮಾಡಿಕೊಳ್ಳಿ. 10 ಸೆಂಟಿಮೀಟರ್ ಎತ್ತರದ ಗಟ್ಟಿ ರಟ್ಟು ಅಥವಾ ಪ್ಲೈವುಡ್ ತುಂಡು ಸಾಕು. ನಡುವೆ ದಾರ ಪೋಣಿಸಿ, ಹಲಗೆಯಿಂದ 35 ಸೆಂಟಿಮೀಟರ್‌ಗೆ ಒಂದು ಗಂಟು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿ ಮಾಡಿ ಹಲಗೆಯನ್ನು ಮುಂದೆ ಹಿಡಿಯಿರಿ. ಕೆಳ ಅಂಚು ದಿಗಂತಕ್ಕೆ ಮುಟ್ಟಿದಾಗ ಮೇಲಂಚಿಗೆ ಧ್ರುವ ತಾಗಿದರೆ ನೀವು ಬಾಗಲಕೋಟೆಯ ಅಕ್ಷಾಂಶದಲ್ಲಿದ್ದೀರಿ. ಕಾರವಾರಕ್ಕೆ ಗಂಟು 38.5 ಸೆಂಟಿಮೀಟರ್‌ಗೆ, ಮುಂಬೈಗೆ 30ಕ್ಕೆ. ಹಳೆ ನಾವಿಕ ತನ್ನ ಬಂದರಿನ ಗಂಟು ಕಚ್ಚಿಕೊಂಡು, ಧ್ರುವ ಸರಿ ಕೂರುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗುತ್ತಿದ್ದ. ಕೂತ ಮೇಲೆ ಅದೇ ಎತ್ತರ ಕಾಯ್ದುಕೊಂಡು ನೇರ ಪೂರ್ವಕ್ಕೆ ನಡೆದರೆ ಅವನ ಬಂದರು.

ಅಳೆಯಲು ಹಿನ್ನೀರಿನ ದಕ್ಷಿಣ ದಂಡೆಯಲ್ಲಿ ನಿಂತು ನೀರಿನ ಆಚೆ ಉತ್ತರಕ್ಕೆ ನೋಡಿ, ದಿಗಂತ ಚೆನ್ನಾಗಿ ಸಿಗುತ್ತದೆ. ಒಂದು ಡಿಗ್ರಿ ತಪ್ಪಿದರೆ 111 ಕಿಲೋಮೀಟರ್ ತಪ್ಪಿದಂತೆ. ಬೇಜಾರಾಗಬೇಡಿ. ಇಪ್ಪತ್ತು ರಾತ್ರಿ ಅಳೆದು ಸರಾಸರಿ ತೆಗೆಯಿರಿ.

ಈಗ ದೋಣಿ

ಬುಟ್ಟಿಯಂಥ ಹರಿಗೋಲಿಗೆ ಹಾಯಿ ಕಟ್ಟಬೇಡಿ. ಅದು ದುಂಡಗೆ, ತಿರುಗುತ್ತಲೇ ಇರುತ್ತದೆ. ಗಾಳಿಗೆ ಪಕ್ಕಕ್ಕೆ ಜಾರದಂತೆ ನೀರಿಗೆ ಅಡ್ಡ ಹಲಗೆ ಇಳಿಸಲು ಬರುವ ಉದ್ದ ದೋಣಿ ಬೇಕು. ಮೊದಲು ಜಲಾಶಯದ ಅಧಿಕಾರಿಗಳ ಅನುಮತಿ ಕೇಳಿ, ಊರಿನ ಮೀನುಗಾರರನ್ನು ಮಾತಾಡಿಸಿ. ಬಲೆ ಎಲ್ಲಿದೆ, ಬೊಡ್ಡೆ ಎಲ್ಲಿದೆ ಎಂದು ಅವರಷ್ಟು ಯಾರೂ ಹೇಳಲಾರರು. ಅಣೆಕಟ್ಟಿನ ಹತ್ತಿರ ಸುಳಿಯಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಬಿಡಬೇಡಿ. ಮೊದಲ ಹತ್ತು ಸಲ ಅಂಬಿಗರೊಬ್ಬರು ಜೊತೆಗಿರಲಿ.

ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರು ಹೋಗದು. ಸುಮಾರು 45 ಡಿಗ್ರಿ ಓರೆಯಾಗಿ, ಅತ್ತ ಇತ್ತ ಹಾವಿನ ನಡಿಗೆಯಲ್ಲಿ ಹೋಗಬೇಕು. ಹಾಗಾಗಿ ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಗಾಳಿ ಬೆನ್ನಿಗಿರಲಿ. ದಣಿದಾಗ ಮನೆ ದಾರಿ ಸುಲಭ ಇರಬೇಕು.

ಹಾದಿ ಹಿಡಿಯಲು ಜೋಡಿ ಗುರುತು ಆರಿಸಿ. ದಂಡೆಯ ಹತ್ತಿರದ ಒಂದು ಗಿಡ, ಅದರ ಹಿಂದೆ ದೂರದ ಗುಡಿಯ ಶಿಖರ ಅಥವಾ ನೀರಿನ ಟ್ಯಾಂಕ್. ಎರಡೂ ಒಂದೇ ಸಾಲಿನಲ್ಲಿದ್ದರೆ ನೀವು ಗೆರೆ ಮೇಲಿದ್ದೀರಿ. ಶಿಖರ ಗಿಡದ ಎಡಕ್ಕೆ ಸರಿಯಿತೇ? ಗಾಳಿಯೋ ಸೆಳೆತವೋ ನಿಮ್ಮನ್ನು ಎಡಕ್ಕೆ ತಳ್ಳಿದೆ. ಬೇರೆ ದಿಕ್ಕಿನಲ್ಲಿ ಇನ್ನೊಂದು ಜೋಡಿ ಸಿಕ್ಕರೆ ಎರಡು ಗೆರೆ ಕೂಡುವಲ್ಲಿ ನೀವಿದ್ದೀರಿ.

ವೇಗಕ್ಕೆ ಒಂದು ಒಣ ಕಡ್ಡಿ ಸಾಕು. ದೋಣಿಯ ಮೂತಿಯಿಂದ ನೀರಿಗೆ ಹಾಕಿ, ಹಿಂಬದಿ ದಾಟಲು ಎಷ್ಟು ಸೆಕೆಂಡ್ ಎಂದು ಎಣಿಸಿ. 4 ಮೀಟರ್ ದೋಣಿ, 4 ಸೆಕೆಂಡ್ ಅಂದರೆ ಸೆಕೆಂಡಿಗೆ ಒಂದು ಮೀಟರ್, ಗಂಟೆಗೆ 3.6 ಕಿಲೋಮೀಟರ್. ಹಡಗಿನವರ ಒಂದು ನಾಟ್ ಗಂಟೆಗೆ 1.852 ಕಿಲೋಮೀಟರ್. ಹತ್ತು ನಿಮಿಷಕ್ಕೊಮ್ಮೆ ದಿಕ್ಕು, ವೇಗ ಬರೆದು ಕಾಗದದ ಮೇಲೆ ಗೆರೆ ಎಳೆಯುತ್ತಾ ಹೋಗಿ. ಮೊಬೈಲ್‌ನಲ್ಲಿ ಜಿಪಿಎಸ್ ದಾಖಲೆ ಹಚ್ಚಿ, ನೀರು ತಾಗದ ಚೀಲದಲ್ಲಿ ಹಾಕಿ ಕಟ್ಟಿಡಿ. ದಂಡೆಗೆ ಬಂದ ಮೇಲೆಯೇ ತೆಗೆದು ಎರಡು ಗೆರೆ ಹೋಲಿಸಿ. ನನ್ನ ಮೊದಲ ಗೆರೆ ಮುಕ್ಕಾಲು ಕಿಲೋಮೀಟರ್ ತಪ್ಪಿತ್ತು. ಎರಡನೇ ಚಳಿಗಾಲಕ್ಕೆ ಅದು ನೂರು ಮೀಟರ್ ಒಳಗೆ ಬಂತು. ಅಂದು ಕಾಕಾ ಕೊಲ್ಹಾರದ ಗಡಿಗೆ ಮೊಸರು ತರಿಸಿ, ರೊಟ್ಟಿ ಜೊತೆ ದಂಡೆಯಲ್ಲೇ ಊಟ ಹಾಕಿದರು.

ಎರಡು ಚಳಿಗಾಲ ಹೀಗೆ ಕಳೆದ ಮೇಲೆ ಕಾರವಾರಕ್ಕೆ ಹೋಗಿ. ಡಿಸೆಂಬರ್-ಜನವರಿ ಒಳ್ಳೆಯದು. ಬೆಳಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ಗಾಳಿ ತಿರುಗುವುದನ್ನು ಅಲ್ಲಿ ದಿನಾ ನೋಡಬಹುದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇದ್ಯಾವುದೂ ನಿಮ್ಮ ಹಳೆ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ. ಹೊಸದೊಂದು ಕೊಂಡು, ಮೊದಲ ಪುಟದಲ್ಲಿ ಮುಂಜಾನೆ 7ರ ಗಾಳಿ ಬರೆದು, ಮಧ್ಯಾಹ್ನದ ಊಹೆಯನ್ನು ಅಲ್ಲಿನ ಮೀನುಗಾರರಿಗೆ ತೋರಿಸಿ.